ಉತ್ತರ ದಿಕ್ಕಿಗೆ ತಿರುಗಿದ ವಾಷಿಂಗ್ ಮಷೀನು

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಆದರೆ ಅವರ ಬೀದಿಗೆ ಹೋಗಿ ‘ಭೂಗೋಳದ ಮೇಷ್ಟ್ರ ಮನೆ ಎಲ್ಲಿ’ ಎಂದು ಕೇಳಿದರೆ ಜನ ತಲೆ ತುರಿಸಿಕೊಳ್ಳುತ್ತಾರೆ. ‘ರಿಪೇರಿ ಮೇಷ್ಟ್ರ ಮನೆ’ ಅನ್ನಿ, ಗೇಟಿನ ತನಕ ಬಂದು ಬಿಟ್ಟು ಹೋಗುತ್ತಾರೆ. ಬರುವಾಗ ಅವರ ಕೈಯಲ್ಲೂ ಒಂದು ಕೆಟ್ಟ ಇಸ್ತ್ರಿಪೆಟ್ಟಿಗೆ ಇರುತ್ತದೆ, ‘ಹೇಗೂ ಹೋಗ್ತಿದ್ದೀರಲ್ಲ, ಇದನ್ನೂ ಕೊಟ್ಟುಬಿಡಿ’ ಎಂದು.

ಆ ಮನೆಯ ಹೊಸ್ತಿಲನ್ನು ಇಷ್ಟು ವರ್ಷಗಳಲ್ಲಿ ಒಬ್ಬ ಪ್ಲಂಬರ್ ದಾಟಿಲ್ಲ, ಒಬ್ಬ ಎಲೆಕ್ಟ್ರಿಷಿಯನ್ ದಾಟಿಲ್ಲ. ಫ್ಯಾನು ಕಿರುಗುಟ್ಟಿದರೆ ಭಾವ, ಬಾಗಿಲು ಉಬ್ಬಿ ಸಿಕ್ಕಿಕೊಂಡರೆ ಭಾವ, ಗೀಸರು ಮುನಿಸಿಕೊಂಡರೆ ಭಾವ. ಮನೆ ಪಕ್ಕದ ಶೆಡ್ಡಿನಲ್ಲಿ ಒಂದು ಹಳೇ ಕಾರಿದೆ. ಅದನ್ನು ತಯಾರಿಸಿದ ಕಂಪನಿಯೇ ಅದನ್ನು ಮರೆತಿದೆ, ಭಾವ ಮರೆತಿಲ್ಲ. ಅದರಲ್ಲಿ ಕೂತು ಪ್ರಯಾಣ ಮಾಡಿದ್ದಕ್ಕಿಂತ ಅದರ ಕೆಳಗೆ ಮಲಗಿ ಭಾವ ಕಳೆದ ಸಮಯವೇ ಹೆಚ್ಚು. ‘ನಿಮ್ಮ ಭಾವನ ಮುಖಕ್ಕಿಂತ ಅಂಗಾಲು ನನಗೆ ಚೆನ್ನಾಗಿ ಪರಿಚಯ’ ಎಂದು ಅಕ್ಕ ಹೇಳುವುದುಂಟು.

ರಿಪೇರಿ ಮಾಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಭಾವನ ರೀತಿಯೇ ಬೇರೆ. ಯಾವ ಯಂತ್ರವನ್ನು ಬಿಚ್ಚಿದರೂ ಅದರ ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲಿನಿಂದ ಒಂದು ನಕ್ಷೆ ಬರೆಯದೆ ಅವರು ಮುಚ್ಚುವುದಿಲ್ಲ. ಸುಮ್ಮನೆ ಗೀಚಿದ ಚಿತ್ರ ಅಲ್ಲ, ಪರೀಕ್ಷೆಗೆ ಬರೆದ ಹಾಗೆ ಅಚ್ಚುಕಟ್ಟಾದ ನಕ್ಷೆ. ನೀರಿನ ಪೈಪು ನದಿ. ವೈರುಗಳು ರೈಲು ಹಳಿ. ಸ್ಕ್ರೂಗಳು ಊರುಗಳು, ಅದರಲ್ಲೂ ಬಿಚ್ಚಲು ಹಟ ಮಾಡುವ ಸ್ಕ್ರೂ ಜಿಲ್ಲಾ ಕೇಂದ್ರ. ಸ್ಪ್ರಿಂಗು ಹಾರಿ ಕಣ್ಣಿಗೆ ಬಡಿಯುವ ಜಾಗದಲ್ಲಿ ‘ಇಲ್ಲಿ ಜ್ವಾಲಾಮುಖಿ ಇದೆ’ ಎಂಬ ಎಚ್ಚರಿಕೆ. ಮೂಲೆಯಲ್ಲಿ ಸೂಚಿ, ತಾರೀಖು, ಮೇಲೆ ‘ಉ’ ಎಂದು ಬರೆದ ಒಂದು ಬಾಣ. ಮಿಕ್ಸಿ, ಫ್ರಿಜ್ಜು, ಹೊಲಿಗೆ ಯಂತ್ರ ಹೀಗೆ ಆ ಮನೆಯ ಪ್ರತಿ ವಸ್ತುವಿನ ಹೊಟ್ಟೆಯೊಳಗೂ ಒಂದೊಂದು ದೇಶವಿತ್ತು. ‘ಯಾರಿಗೆ ಭಾವ ಇದೆಲ್ಲ? ನಿಮ್ಮನ್ನು ಬಿಟ್ಟು ಇದನ್ನು ಬಿಚ್ಚೋರು ಯಾರಿದ್ದಾರೆ?’ ಎಂದು ನಾನೊಮ್ಮೆ ಕೇಳಿದ್ದೆ. ‘ನನಗೇ. ಮುಂದಿನ ಸಲ ಬರೋ ಹೊತ್ತಿಗೆ ನಾನು ಇನ್ನಷ್ಟು ದಡ್ಡ ಆಗಿರ್ತೀನಲ್ಲ’ ಎಂದಿದ್ದರು.

ನನ್ನ ವಿಷಯವನ್ನೂ ಇಲ್ಲೇ ಹೇಳಿಬಿಡುವುದು ಮರ್ಯಾದೆ. ನಾನು ಒಮ್ಮೆ ನಮ್ಮ ಹಜಾರದಲ್ಲಿ ಗಡಿಯಾರ ತೂಗುಹಾಕಲು ಹೋಗಿ ಗೋಡೆಗೆ ಹನ್ನೊಂದು ತೂತು ಕೊರೆದವನು. ಗಡಿಯಾರ ಕೊನೆಗೆ ಮೇಜಿನ ಮೇಲೆ ಕೂತಿತು. ಭಾವ ಬಂದವರು ಗೋಡೆಯನ್ನು ಬಹಳ ಹೊತ್ತು ನೋಡಿ, ‘ಇದು ಯಾವ ನಕ್ಷತ್ರಪುಂಜ?’ ಎಂದು ಕೇಳಿದರು. ಅಂದಿನಿಂದ ನನ್ನ ಹೆಂಡತಿ ಸುತ್ತಿಗೆಯನ್ನು ತನ್ನ ಬೀರುವಿನಲ್ಲಿ, ಒಡವೆಯ ಪಕ್ಕ ಇಟ್ಟು ಬೀಗ ಹಾಕುತ್ತಾಳೆ.

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಭಾವನ ಬಲಗೈಯಿಂದ ಹಲ್ಲುಜ್ಜುವ ಬ್ರಷ್ಷು ಜಾರಿ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, ‘ಸ್ಟ್ರೋಕು, ಸಣ್ಣದರಲ್ಲಿ ಹೋಯ್ತು, ಅದೃಷ್ಟವಂತರು’ ಎಂದರು. ನಿಜವೇ. ಮಾತು ಹೋಗಲಿಲ್ಲ, ಕಾಲು ಹೋಗಲಿಲ್ಲ. ಬಲಗೈಯ ಬೆರಳುಗಳು ಮಾತ್ರ ಮಂಕಾದವು. ಲೋಟ ಹಿಡಿಯುತ್ತವೆ, ಸ್ಕ್ರೂ ಹಿಡಿಯುವುದಿಲ್ಲ. ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟು ಕಳಿಸಿದರು. ಒಂದು ತಿಂಗಳು ಭಾವ ಅದನ್ನು ಶ್ರದ್ಧೆಯಿಂದ ಹಿಸುಕಿದರು. ಆಮೇಲೆ ಒಂದು ದಿನ ಶೆಡ್ಡಿಗೆ ಹೋಗಿ ಅರ್ಧ ಗಂಟೆ ಇದ್ದು, ಹೊರಗೆ ಬಂದು, ಬೀಗ ಹಾಕಿ, ಬೀಗದ ಕೈಯನ್ನು ಅಕ್ಕನ ಮುಂದೆ ಇಟ್ಟರಂತೆ. ‘ಹಳೇ ಪೇಪರ್ ಇಡೋಕೆ ಜಾಗ ಇಲ್ಲ ಅಂತಿದ್ದೆಯಲ್ಲ, ಅಲ್ಲಿ ಇಟ್ಕೋ’ ಎಂದರಂತೆ. ಅಷ್ಟೇ. ಅಂದಿನಿಂದ ಹಜಾರದ ಕುರ್ಚಿ, ಕಿಟಕಿ, ಪೇಪರು.

ಹೋದ ತಿಂಗಳು ಒಂದು ಶುಕ್ರವಾರ ಅಕ್ಕ ಫೋನು ಮಾಡಿದಳು. ದನಿ ಸರಿಯಿರಲಿಲ್ಲ.

‘ಲೋ, ವಾಷಿಂಗ್ ಮಷೀನು ಕೆಟ್ಟು ಕೂತಿದೆ ಕಣೋ. ನೀರು ತುಂಬ್ಕೊಂಡು ಗುಂಯ್ ಅಂತಿದೆ, ಹೊರಗೆ ಬಿಡ್ತಿಲ್ಲ.’

‘ಅದಕ್ಕೆ ಅಳೋದಾ ಅಕ್ಕಾ?’

‘ನಿಮ್ಮ ಭಾವನಿಗೆ ಹೇಳಿದೆ. ಪೇಪರಿನಿಂದ ತಲೆ ಕೂಡ ಎತ್ತಲಿಲ್ಲ. ಮೆಕ್ಯಾನಿಕ್ ಕರೆಸು ಅಂದ್ರು.’

ಬೇರೆ ಮನೆಗಳಲ್ಲಿ ಇದು ದಿನಬೆಳಗಾದರೆ ಆಡುವ ಮಾತು. ಆ ಮನೆಯಲ್ಲಿ ಹಾಗಲ್ಲ.

‘ಅದೊಂದೇ ಅಲ್ಲ. ಮೂಲೆ ಗ್ಯಾರೇಜಿನವನಿಗೆ ಹೇಳಿ ಕಳಿಸಿದ್ದಾರೆ. ಭಾನುವಾರ ಬಂದು ಶೆಡ್ಡಿನ ಸಾಮಾನೆಲ್ಲ ಹಾಗೇ ತಗೊಂಡು ಹೋಗು ಅಂತ. ಸಾಮಾನು ಹೋದ್ರೆ ಹೋಗ್ಲಿ ಕಣೋ, ಅದರ ಹಿಂದೇನೇ ಇವರೂ ಹೋಗಿಬಿಡ್ತಾರೆ. ಈಗ್ಲೇ ಹಜಾರದಲ್ಲಿ ಯಾರೋ ಬಾಡಿಗೆಗೆ ಬಂದವರು ಕೂತ ಹಾಗೆ ಕೂತಿರ್ತಾರೆ. ನೀನು ನಾಳೆ ಬಾ.’

‘ನಾನು ಬಂದು ಏನು ಮಾಡ್ಲಿ? ನನ್ನ ಕೈಗುಣ ನಿನಗೆ ಗೊತ್ತಿಲ್ವಾ?’

‘ಗೊತ್ತಿರೋದಕ್ಕೇ ಕರೀತಿರೋದು’ ಎಂದಳು ಅಕ್ಕ. ‘ನೀನು ಮಷೀನಿಗೆ ಕೈ ಹಾಕೋದನ್ನ ನೋಡಿ ಅವರಿಗೆ ತಡ್ಕೊಳ್ಳೋಕೆ ಆಗಬಾರದು. ಎದ್ದು ಬರಬೇಕು.’

ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ದಡ್ಡತನದಿಂದ ಒಬ್ಬರಿಗೆ ಉಪಕಾರವಾಗುವ ಸಂದರ್ಭ ಒದಗಿತ್ತು. ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟೆ. ‘ಏನೂ ಮುಟ್ಟಬೇಡಿ ರೀ’ ಎಂದು ಹೆಂಡತಿ ಬಾಗಿಲವರೆಗೂ ಬಂದು ಹೇಳಿದಳು. ‘ಮುಟ್ಟೋಕೇ ಕರೆಸಿರೋದು’ ಎಂದೆ ಹೆಮ್ಮೆಯಿಂದ.

ಅಡುಗೆಮನೆಯ ಹಿಂದಿನ ಚಿಕ್ಕ ಜಾಗದಲ್ಲಿ ಮಷೀನು ಇತ್ತು. ಮೇಲಿನ ಮುಚ್ಚಳ ತೆಗೆದರೆ ಬೂದು ಬಣ್ಣದ ನೀರಿನಲ್ಲಿ ಎರಡು ದಿನದ ಬಟ್ಟೆ ಮುಳುಗಿ ಕೂತಿತ್ತು. ನೀರು ಹೊರಹೋಗುವ ದಪ್ಪ ಪೈಪಿನ ತುದಿಯನ್ನು ಪಕ್ಕದ ಸಿಂಕಿನ ಅಂಚಿಗೆ ಸಿಕ್ಕಿಸಿದ್ದರು. ಅಕ್ಕ ಪ್ಲಗ್ ಕಿತ್ತು, ಕಿತ್ತಿದ್ದೇನೆಂದು ನನಗೆ ಎರಡು ಸಲ ತೋರಿಸಿ, ಸ್ಕ್ರೂಡ್ರೈವರ್ ಕೈಗೆ ಕೊಟ್ಟಳು. ಭಾವ ಹಜಾರದಲ್ಲಿ ನಮಗೆ ಬೆನ್ನು ಹಾಕಿ ಪೇಪರು ಹಿಡಿದಿದ್ದರು.

‘ಭಾವ, ಬಂದೆ’ ಎಂದೆ.

‘ಹ್ಞೂಂ’ ಎಂದಿತು ಪೇಪರು.

ಹಿಂದಿನ ತಗಡು ಬಿಚ್ಚಲು ನಾವಿಬ್ಬರೂ ಸೇರಿ ಮುಕ್ಕಾಲು ಗಂಟೆ ತಗೊಂಡೆವು. ನಾನು ಮೊದಲ ಸ್ಕ್ರೂವನ್ನು ಬಿಗಿಯಾಗುವ ದಿಕ್ಕಿಗೆ ತಿರುಗಿಸಿ, ‘ತುಕ್ಕು ಹಿಡಿದಿದೆ’ ಎಂದು ತೀರ್ಪು ಕೊಟ್ಟೆ. ಅಕ್ಕ ಕಿತ್ತುಕೊಂಡು ಇನ್ನೊಂದು ಕಡೆ ತಿರುಗಿಸಿದಳು, ಬಂತು. ಈ ಮಾತುಕತೆಯನ್ನೆಲ್ಲ ಜೋರಾಗಿಯೇ ಆಡುತ್ತಿದ್ದೆವು. ಪೇಪರು ಒಮ್ಮೆ ಅಲುಗಿತು. ಎದ್ದು ಬರಲಿಲ್ಲ.

ತಗಡು ಕಳಚಿದರೆ ಅದರ ಒಳಬದಿಯಲ್ಲಿ ನಕ್ಷೆ. ಆರು ವರ್ಷ ಹಿಂದಿನ ತಾರೀಖು. ಎರಡು ನದಿ, ಒಂದು ರೈಲು ಹಳಿ, ಏಳೆಂಟು ಊರು, ಕೆಳಗೆ ‘ಸರೋವರ’ ಎಂದು ಬರೆದ ಒಂದು ದುಂಡು. ಅಕ್ಕ ಅದನ್ನು ಮಂಡಿಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ನಂತರ ಒಳಗೆ ಬಗ್ಗಿದಳು. ಮತ್ತೆ ನಕ್ಷೆ ನೋಡಿದಳು.

‘ಸರಿ ಹೋಗ್ತಿಲ್ಲ ಕಣೋ. ನದಿ ಈ ಕಡೆ ಹರೀಬೇಕು, ಇಲ್ಲಿ ಆ ಕಡೆ ಹರೀತಿದೆ.’

‘ನಕ್ಷೆ ತಲೆಕೆಳಗಾಗಿ ಹಿಡಿದಿರಬೇಕು.’

‘ಭೂಗೋಳದ ಮೇಷ್ಟ್ರ ಹೆಂಡ್ತಿ ಕಣೋ ನಾನು! ನನಗೆ ನಕ್ಷೆ ಹಿಡಿಯೋದು ಹೇಳ್ಕೊಡ್ತೀಯಾ? ನೋಡು, ‘ಉ’ ಅಂತ ಬಾಣ ಇದೆ. ನಕ್ಷೆ ನೋಡೋಕೆ ಮೊದಲು ಉತ್ತರಕ್ಕೆ ಸರಿಯಾಗಿ ಇಟ್ಕೋಬೇಕು ಅಂತ ಇವರು ಎಷ್ಟು ಮಕ್ಕಳಿಗೆ ಬಡ್ಕೊಂಡಿದ್ದಾರೆ! ಅಡುಗೆಮನೆ ಕಿಟಕಿಯಲ್ಲಿ ಬಿಸಿಲು ಬರೋದು ಪೂರ್ವ. ಹಾಗಾದ್ರೆ ಉತ್ತರ ಆ ಬಾಗಿಲ ಕಡೆ. ಈ ಮಷೀನು ದಿಕ್ಕು ತಪ್ಪಿ ನಿಂತಿದೆ. ತಿರುಗಿಸಬೇಕು.’

ಈ ತರ್ಕದಲ್ಲಿ ಏನೋ ಐಬಿದೆ ಎಂದು ನನಗೆ ಅನ್ನಿಸಿತು. ಆದರೆ ಏನೆಂದು ಹೊಳೆಯಲಿಲ್ಲ. ಶಾಲೆಯಲ್ಲಿ ಭೂಗೋಳಕ್ಕೆ ನನಗೆ ಬರುತ್ತಿದ್ದ ಅಂಕ ನೆನೆಸಿಕೊಂಡು ಬಾಯಿ ಮುಚ್ಚಿಕೊಂಡೆ. ಇಬ್ಬರೂ ಒಂದೊಂದು ಬದಿಗೆ ನಿಂತು, ‘ಹ್ಞಾಂ, ಹ್ಞಾಂ, ಇನ್ನೂ ಸ್ವಲ್ಪ’ ಎನ್ನುತ್ತಾ ತುಂಬಿದ ಮಷೀನನ್ನು ಉತ್ತರಾಭಿಮುಖವಾಗಿ ತಿರುಗಿಸಿದೆವು. ಮಷೀನು ತಿರುಗಿತು. ಸಿಂಕಿಗೆ ಸಿಕ್ಕಿಸಿದ್ದ ಪೈಪು ಮಾತ್ರ ಅಷ್ಟು ದೂರ ಬರಲು ಒಪ್ಪದೆ, ಕಳಚಿಕೊಂಡು ನೆಲಕ್ಕೆ ಬಿತ್ತು.

ಆಮೇಲಿನದು ಭೂಗೋಳವೇ. ನದಿ ಉಗಮಿಸಿತು. ಅಡುಗೆಮನೆಯನ್ನು ದಾಟಿ, ಹೊಸ್ತಿಲ ಹತ್ತಿರ ಎರಡು ಕವಲಾಗಿ, ಸೋಪಿನ ನೊರೆಯ ಸಮೇತ ಹಜಾರದತ್ತ ಹರಿಯಿತು. ನಾನು ಕೈಗೆ ಸಿಕ್ಕಿದ್ದನ್ನು ನೀರಿಗೆ ಅಡ್ಡ ಹಾಕಿದೆ. ಅದು ಅಕ್ಕನ ಹೊಸ ಟವೆಲ್ಲು ಎಂದು ಅವಳ ಕಿರುಚಾಟದಿಂದ ಗೊತ್ತಾಯಿತು. ಅಷ್ಟರಲ್ಲಿ ನೀರು ಕುರ್ಚಿಯ ಕೆಳಗೆ ಹೋಗಿ ಭಾವನ ಅಂಗಾಲು ಮುಟ್ಟಿತ್ತು.

ಪೇಪರು ಕೆಳಗಿಳಿಯಿತು. ಭಾವ ಕಾಲು ನೋಡಿಕೊಂಡರು. ನೀರು ಬಂದ ದಾರಿ ನೋಡಿದರು. ದಾರಿ ಹಿಡಿದು ಎದ್ದು ಬಂದರು. ಬಾಗಿಲ ಹತ್ತಿರ ನಿಂತು, ಬಾಗಿಲಿಗೆ ಮುಖಮಾಡಿ ನಿಂತಿದ್ದ ಮಷೀನನ್ನು ನೋಡಿದರು.

‘ಇದ್ಯಾಕೆ ಇಲ್ಲಿ ನಿಂತಿದೆ? ಎಲ್ಲಿಗೆ ಹೊರಟಿದೆ?’

‘ಉತ್ತರಕ್ಕೆ ತಿರುಗಿಸಿದ್ವಿ’ ಎಂದಳು ಅಕ್ಕ, ಮೊಣಕಾಲುದ್ದ ಒದ್ದೆಯಾಗಿ. ‘ನೀವೇ ತಾನೇ ಬಾಣ ಬರೆದಿರೋದು!’

ಭಾವ ನಕ್ಷೆ ನೋಡಿದರು, ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಅವರ ಗಲ್ಲ ನಡುಗತೊಡಗಿತು. ಮತ್ತೆ ಕಾಯಿಲೆಯೋ ಏನೋ ಎಂದು ನಾನು ಅವರನ್ನು ಹಿಡಿದುಕೊಳ್ಳಲು ಮುಂದೆ ಬಂದೆ. ಅಲ್ಲ, ನಗು! ಮೂರು ತಿಂಗಳಿಂದ ಕಟ್ಟಿಟ್ಟ ನಗು. ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

‘ಉತ್ತರ ಅಂದ್ರೆ ಮಷೀನಿನ ನೆತ್ತಿ ಕಣೇ! ಮೇಲಿನ ಕಡೆ! ನಿನ್ನ ಮಾತು ಕೇಳಿದ್ರೆ ಫ್ರಿಜ್ಜು ರಿಪೇರಿ ಮಾಡೋಕೆ ಮನೇನೇ ತಿರುಗಿಸಬೇಕು.’

‘ನಗ್ತಾ ನಿಂತ್ಕೊಳ್ಳಿ. ಮಷೀನು ಹಾಗೇ ಕೆಟ್ಟಿದೆ.’

‘ಇರು, ಇರು.’ ನಗು ನಿಂತಿತು. ಹುಬ್ಬು ಒಂದಾಯಿತು. ‘ಪೈಪು ಕೆಳಗೆ ಬಿದ್ದ ತಕ್ಷಣ ನೀರು ತಾನಾಗೇ ಬಂತಾ? ಹಾಗಾದ್ರೆ ದಾರಿ ಪೂರ್ತಿ ಕಟ್ಟಿಲ್ಲ. ನೀರನ್ನ ಮೇಲಕ್ಕೆತ್ತಿ ತಳ್ಳೋ ಪಂಪು ತಿರುಗ್ತಿಲ್ಲ. ಗುಂಯ್ ಅಂತಿತ್ತು ಅಂದ್ಯಲ್ಲ? ಕರೆಂಟ್ ಬರ್ತಿದೆ. ಒಳಗೆ ಏನೋ ಸಿಕ್ಕಿಕೊಂಡಿದೆ.’ ಬಗ್ಗಿ ಬಲಗೈಯಲ್ಲಿ ಸ್ಕ್ರೂಡ್ರೈವರ್ ಎತ್ತಿಕೊಂಡರು. ಅದು ಬೆರಳಿನ ಸಂದಿಯಿಂದ ಜಾರಿ ನೀರಿಗೆ ಬಿತ್ತು. ಟಪ್ ಎಂಬ ಆ ಸದ್ದು ಮೂವರಿಗೂ ಕೇಳಿಸಿತು.

ಭಾವ ಸೊಂಟ ನೆಟ್ಟಗೆ ಮಾಡಿಕೊಂಡರು. ಮುಖ ಮತ್ತೆ ಕುರ್ಚಿಯ ಕಡೆ ತಿರುಗುವುದರಲ್ಲಿತ್ತು.

ಅಕ್ಕ ಸ್ಕ್ರೂಡ್ರೈವರ್ ಎತ್ತಿ ಬಟ್ಟೆಗೆ ಒರೆಸಿಕೊಂಡು, ಮಷೀನಿನ ಹಿಂದೆ ಒದ್ದೆ ನೆಲದಲ್ಲೇ ಕೂತಳು. ‘ಹೂಂ, ಹೇಳಿ. ಯಾವ ಸ್ಕ್ರೂ?’

ಭಾವ ಕುರ್ಚಿಯತ್ತ ಒಂದು ಹೆಜ್ಜೆ ಇಟ್ಟರು.

‘ಮೂವತ್ತನಾಲ್ಕು ವರ್ಷ ಊರ ಮಕ್ಕಳಿಗೆಲ್ಲ ಹೇಳ್ಕೊಟ್ರಿ. ಮನೆಯಲ್ಲಿರೋಳಿಗೆ ಒಂದು ದಿನಾನೂ ಹೇಳ್ಕೊಡಲಿಲ್ಲ. ಯಾವ ಸ್ಕ್ರೂ ರೀ?’

‘...ಸರೋವರದ ಸುತ್ತ ಮೂರು ಊರಿದೆ’ ಎಂದರು ಭಾವ, ನಿಧಾನವಾಗಿ. ‘ಎಡಗಡೇದು ಮೊದಲು.’

ಆಮೇಲಿನ ಒಂದು ಗಂಟೆ ಆ ಮನೆಯಲ್ಲಿ ತರಗತಿ ನಡೆಯಿತು. ಅಂಥ ಮೇಷ್ಟ್ರೂ ಬೇಡ, ಅಂಥ ವಿದ್ಯಾರ್ಥಿನಿಯೂ ಬೇಡ. ‘ಎಡ ಅಂದೆ!’ ‘ನಿಮ್ಮ ಎಡಾನಾ, ನನ್ನ ಎಡಾನಾ?’ ‘ಮಷೀನಿನ ಎಡ!’ ‘ಅದಕ್ಕೆ ಮುಖ ಯಾವ ಕಡೆ ಅಂತಾನೇ ಇವತ್ತು ಜಗಳ ಆಗಿರೋದು!’ ನನ್ನನ್ನು ನೆಲ ಒರೆಸುವ ಕೆಲಸಕ್ಕೆ ಹಚ್ಚಿದ್ದರು. ನನ್ನ ಯೋಗ್ಯತೆಗೆ ತಕ್ಕ ಕೆಲಸ, ಚೆನ್ನಾಗಿಯೇ ಮಾಡಿದೆ ಎಂದು ನನ್ನ ಭಾವನೆ.

ಪಂಪು ಹೊರಗೆ ಬಂತು. ಮುಷ್ಟಿಯಷ್ಟು ದೊಡ್ಡದು. ಅದರ ಮುಚ್ಚಳ ತೆಗೆದು ಒಳಗಿನ ಪುಟ್ಟ ಚಕ್ರವನ್ನು ಅಕ್ಕ ಬೆರಳಿನಿಂದ ತಿರುಗಿಸಿ ನೋಡಿದಳು. ಅಲುಗಲಿಲ್ಲ. ಹೇರ್‌ಪಿನ್ನಿನಿಂದ ಮೀಟಿದಳು. ಊದಿಕೊಂಡ, ಬಣ್ಣ ಬಿಟ್ಟ ಮರದ ತುಂಡೊಂದು ಹೊರಗೆ ಬಂದು ಅಂಗೈಯಲ್ಲಿ ಬಿತ್ತು. ಅರ್ಧ ಬೆರಳುದ್ದ ಉಳಿದಿದ್ದ ಪೆನ್ಸಿಲು.

ಅಕ್ಕ ಅದನ್ನೇ ನೋಡುತ್ತಾ ಕೂತಳು. ‘ಪ್ರತಿ ಸಲ ಒಗೆಯೋಕೆ ಹಾಕೋ ಮೊದಲು ನಿಮ್ಮ ಅಂಗಿ ಜೇಬು ನೋಡ್ತಿದ್ದೆ’ ಎಂದಳು. ‘ಪೆನ್ಸಿಲ್ ಎಲ್ಲಿ, ಪೆನ್ಸಿಲ್ ಎಲ್ಲಿ ಅಂತ ಮನೆ ಹಾರಿಹೋಗೋ ಹಾಗೆ ಕೂಗಾಡ್ತಿದ್ರಿ. ಈಗ ನೀವು ಕೇಳೋದು ಬಿಟ್ರಿ, ನಾನು ನೋಡೋದು ಬಿಟ್ಟೆ.’

ಭಾವ ಎಡಗೈ ಚಾಚಿ ಪೆನ್ಸಿಲು ತೆಗೆದುಕೊಂಡರು. ಅಂಗಿ ಜೇಬಿಗೆ ಹಾಕಿಕೊಂಡರು. ಪಂಪು ಮತ್ತೆ ಕೂತು, ಪೈಪು ಸಿಂಕಿಗೇರಿ, ಪ್ಲಗ್ ಹಾಕಿ ಹೊಸ ನೀರು ತುಂಬಿಸಿದ ಮೇಲೆ ಮಷೀನು ಗೊಳಗೊಳ ಅದನ್ನು ಕಕ್ಕಿದಾಗ, ‘ಪಾಸು. ಸುಮಾರಾಗಿ’ ಎಂದರು.

ಖುಷಿಯಲ್ಲಿ ನಾನು ಅಂದೇ ಹೊರಟುಬಿಡುತ್ತಿದ್ದೆ, ಅಕ್ಕ ತಡೆದಳು. ‘ಇನ್ನೂ ಭಾನುವಾರ ಇದೆ’ ಎಂದಳು ಮೆಲ್ಲಗೆ. ಹೌದು. ಒಂದು ಮಷೀನು ನೀರು ಬಿಟ್ಟ ಮಾತ್ರಕ್ಕೆ ಭಾವ ಗ್ಯಾರೇಜಿನವನಿಗೆ ಕೊಟ್ಟ ಮಾತು ಹಿಂತೆಗೆದಿರಲಿಲ್ಲ. ಕೊಟ್ಟ ಮಾತು ತಪ್ಪುವ ಜಾಯಮಾನವೂ ಅವರದಲ್ಲ.

ಗ್ಯಾರೇಜಿನವನು ಬೆಳಿಗ್ಗೆ ಹತ್ತಕ್ಕೆ ಮೂರು ಗೋಣಿಚೀಲ ಹಿಡಿದು ಬಂದ. ನಲವತ್ತು ದಾಟಿದ ಗಟ್ಟಿ ಆಳು, ಭಾವನ ಹಳೇ ವಿದ್ಯಾರ್ಥಿಯೇ. ಮೇಷ್ಟ್ರ ಎದುರು ಇನ್ನೂ ಕೈಕಟ್ಟಿ ನಿಲ್ಲುತ್ತಾನೆ. ಶೆಡ್ಡಿನ ಬೀಗ ತೆಗೆದಾಗ ಎಣ್ಣೆ, ರಬ್ಬರು, ತಗಡಿನ ವಾಸನೆ ಹೊರಗೆ ಬಂತು. ಕಾರು ಧೂಳು ಹೊದ್ದು ಮಲಗಿತ್ತು. ಭಾವ ಬಾಗಿಲಲ್ಲೇ ನಿಂತು, ‘ಎಲ್ಲ ನಿಂದೇ. ತಗೋ’ ಎಂದರು.

ಅವನು ಮೊದಲ ಚೀಲದ ಬಾಯಿ ಬಿಡಿಸಿ ಗೋಡೆಯ ಮೇಲಿನ ಸ್ಪ್ಯಾನರುಗಳನ್ನು ಒಂದೊಂದಾಗಿ ಒಳಗೆ ಹಾಕತೊಡಗಿದ. ಅಕ್ಕ ಚೀಲದ ಪಕ್ಕ ನಿಂತಳು.

‘ಇದು ಯಾತಕ್ಕೆ ರೀ?’ ಎಂದು ಒಂದನ್ನು ಹೊರಗೆ ತೆಗೆದಳು.

‘ಹತ್ತರ ಸ್ಪ್ಯಾನರ್. ಕಾರಿನ ಬ್ಯಾಟರಿ ತಂತಿ ಬಿಚ್ಚೋಕೆ.’

‘ಓಹೋ. ಮತ್ತೆ ಇದು?’

‘ಅದು ಸ್ಪಾರ್ಕ್ ಪ್ಲಗ್ಗಿಗೆ. ಅದನ್ನ ಜೋರಾಗಿ ತಿರುಗಿಸಬಾರದು. ಮೊದಲು ಬರಿಗೈಯಲ್ಲಿ ಕೂರಿಸಬೇಕು, ಆಮೇಲೆ ಇದು.’

‘ಬರಿಗೈಯಲ್ಲಿ ಯಾಕೆ?’

‘ಯಾಕೆ ಅಂದ್ರೆ ಹಲ್ಲು ಸರಿಯಾಗಿ ಕೂತಿದೆಯೋ ಇಲ್ಲವೋ ಬೆರಳಿಗೆ ಮಾತ್ರ ತಿಳಿಯೋದು...’ ಭಾವ ಬಾಗಿಲು ಬಿಟ್ಟು ಒಳಗೆ ಬಂದರು. ಹೇಳುತ್ತಾ ಹೇಳುತ್ತಾ ಬಾನೆಟ್ಟಿನ ಹತ್ತಿರ ಹೋದರು. ಗ್ಯಾರೇಜಿನವನು ಚೀಲಕ್ಕೆ ಹಾಕಿದ್ದನ್ನೆಲ್ಲ ಅಕ್ಕ ಒಂದೊಂದಾಗಿ ತೆಗೆದು ಕೇಳಿದಳು. ಭಾವ ಒಂದೊಂದಕ್ಕೂ ಪಾಠ ಮಾಡಿದರು. ಪಾಠವಾದದ್ದೆಲ್ಲ ಕಾರಿನ ಮೇಲೆ ಸಾಲಾಗಿ ಕೂತಿತು. ಪಾಠ ಮಾಡಿದ ಮೇಲೆ ಯಾವುದನ್ನೂ ಕೊಡಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಗ್ಯಾರೇಜಿನವನು ತನ್ನ ಖಾಲಿ ಚೀಲದೊಳಗೆ ಇಣುಕಿ ನೋಡಿದ.

‘ಮೇಷ್ಟ್ರೇ, ತಪ್ಪು ತಿಳೀಬೇಡಿ. ನಾನು ಸಾಮಾನು ತಗೊಂಡು ಹೋಗೋಕೆ ಬಂದಿದ್ದೀನಾ, ಇಲ್ಲಾ ಮತ್ತೆ ಒಂಬತ್ತನೇ ಕ್ಲಾಸಿಗೆ ಸೇರೋಕೆ ಬಂದಿದ್ದೀನಾ?’

ಭಾವ ಕಾರಿನ ಮೇಲಿನ ಸಾಲನ್ನು ನೋಡಿದರು. ಅಕ್ಕನನ್ನು ನೋಡಿದರು. ಅವಳ ಮೂಗಿನ ಮೇಲೆ ಗ್ರೀಸು ಅಂಟಿತ್ತು.

‘ಮಾತು ಕೊಟ್ಟುಬಿಟ್ಟಿದ್ದೆ ಕಣಯ್ಯ’ ಎಂದರು ಸಂಕೋಚದಿಂದ.

‘ನನಗೇ ತಾನೇ ಕೊಟ್ಟಿದ್ದು? ವಾಪಸ್ ಕೊಟ್ಟೆ, ಇಟ್ಕೊಳ್ಳಿ’ ಎಂದು ಅವನು ಚೀಲ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡ. ಹೋಗುವ ಮುನ್ನ ಅಕ್ಕನಿಗೆ, ‘ಅಮ್ಮಾ, ಬೈಸ್ಕೊಂಡು ಅಭ್ಯಾಸ ಮಾಡ್ಕೊಳ್ಳಿ. ನಾನೂ ಹಾಗೇ ಕಲ್ತಿದ್ದು’ ಎಂದ.

ಇದಾಗಿ ಐದು ವಾರವಾಯಿತು. ಭಾವನ ಬಲಗೈ ಇನ್ನೂ ಸ್ಕ್ರೂ ಹಿಡಿಯುವುದಿಲ್ಲ. ಹಿಡಿಯುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಆದರೆ ಬೆಳಗಿನ ಹೊತ್ತು ಆ ಮನೆಗೆ ಫೋನು ಮಾಡಿದರೆ ಯಾರೂ ಎತ್ತುವುದಿಲ್ಲ, ಇಬ್ಬರೂ ಶೆಡ್ಡಿನಲ್ಲಿರುತ್ತಾರೆ. ಕಾರು ಎರಡು ಸಲ ಸ್ಟಾರ್ಟ್ ಆಗಿದೆ. ಎರಡು ಸಲವೂ ತಾನೇ ಕಾರಣ ಎಂದು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ.

ಮೊನ್ನೆ ನಮ್ಮ ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದು ನನ್ನ ಹೆಂಡತಿ ಅವರಿಗೆ ಹೇಳಿದಳು. ನಾನು ಪಕ್ಕದಲ್ಲೇ ಇದ್ದರೂ ನನಗೆ ಹೇಳಲಿಲ್ಲ. ಮಧ್ಯಾಹ್ನದೊಳಗೆ ಇಬ್ಬರೂ ಚೀಲದ ಸಮೇತ ಹಾಜರು. ನೀರು ನಿಲ್ಲಿಸಿ, ನಲ್ಲಿಯ ತಲೆ ಬಿಚ್ಚಿ, ಸವೆದ ವಾಷರು ತೆಗೆದು, ಹೊಸದು ಹಾಕಿದಳು ಅಕ್ಕ. ಭಾವ ಅವಳ ಹೆಗಲ ಮೇಲಿಂದ ನೋಡುತ್ತಿದ್ದರು. ಸಿಂಕಿನ ಹಿಂದೆ ಕತ್ತಲೆಯಿದ್ದದ್ದರಿಂದ ಟಾರ್ಚು ಹಿಡಿಯುವ ಹೊಣೆ ನನ್ನದಾಗಿತ್ತು.

‘ಇನ್ನೂ ಕಾಲು ಸುತ್ತು ಬಿಗಿ ಮಾಡು’ ಎಂದರು ಭಾವ.

‘ಬೇಡ.’

‘ಮಾಡು ಅಂದೆ.’

‘ಬೇಡ ರೀ. ಕೂತಿದೆ. ಇನ್ನು ತಿರುಗಿಸಿದ್ರೆ ವಾಷರ್ ಹರಿಯುತ್ತೆ. ನನ್ನ ಕೈಗೆ ಗೊತ್ತಾಗ್ತಿದೆ.’

ಭಾವ ಅವಳ ಕೈಯನ್ನೇ ನೋಡುತ್ತಿದ್ದರು, ಯಾವುದೋ ಹೊಸ ಊರನ್ನು ಮೊದಲ ಬಾರಿ ನೋಡುವವರ ಹಾಗೆ. ‘ಸರಿ’ ಎಂದರು. ‘ನಿನಗೆ ಗೊತ್ತಾದ್ರೆ ಸರಿ.’

ನೀರು ಬಿಟ್ಟೆವು. ನಲ್ಲಿ ಸೋರಲಿಲ್ಲ. ಅದೂ ಸೋರುತ್ತಿದೆಯೇನೋ ನೋಡೋಣವೆಂದು ಅಕ್ಕ ಬಗ್ಗಿ ಸಿಂಕಿನ ಕೆಳಗಿನ ಪೈಪಿಗೆ ಕೈ ಹಾಕಿದಳು. ನಾನು ಅವಳು ನೋಡುತ್ತಿದ್ದ ಜಾಗ ಬಿಟ್ಟು ಉಳಿದ ಎಲ್ಲ ಜಾಗಕ್ಕೂ ಬೆಳಕು ಬಿಡುತ್ತಿದ್ದೆನಂತೆ. ಭಾವ ಎಡಗೈ ಚಾಚಿ ನನ್ನಿಂದ ಟಾರ್ಚು ಕಿತ್ತುಕೊಂಡರು.

‘ಆ ಕಡೆ ಸರಿ’ ಎಂದರು ನನಗೆ. ‘ಅವಳಿಗೆ ಕಾಣಿಸ್ತಿಲ್ಲ.’